ಮನೆಗೆಂದು ಮಾಡಿದ ವೈನ್

ಕಾಖೇತಿಯಲ್ಲಿ ವೈನ್ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಅದು ನೆಲದೊಳಗೆ ಇರುತ್ತದೆ. ಯಾರದೋ ಮನೆಯ ಅಂಗಳ ದಾಟಿ, ಹಳೆಯ ಟ್ರ್ಯಾಕ್ಟರ್ ಪಕ್ಕದಲ್ಲಿ ನುಸುಳಿ, ಸೌದೆ ಒಟ್ಟಿದ ಕೋಣೆಯೊಳಗೆ ಹೋದರೆ ಕಾಣುವುದು ಬರೀ ಮಣ್ಣಿನ ನೆಲ. ಅಲ್ಲಲ್ಲಿ ದುಂಡನೆಯ ಬಾಯಿಗಳು, ಅವುಗಳ ಮೇಲೆ ಕಲ್ಲಿನ ಮುಚ್ಚಳ. ನಾವು ನಿಂತ ಜಾಗದ ಕೆಳಗೇ ಆಳೆತ್ತರದ ಮಣ್ಣಿನ ಗುಡಾಣಗಳು ಕುತ್ತಿಗೆಯವರೆಗೆ ಹೂತುಕೊಂಡಿರುತ್ತವೆ. ಅವುಗಳಿಗೆ ಕ್ವೆವ್ರಿ ಅನ್ನುತ್ತಾರೆ. ಅವು ಇರುವ ಕೋಣೆ ಮರಾನಿ.

ನಾನು ವಿಜಯಪುರದ ಕಡೆಯವಳು. ಮರಾನಿಯಲ್ಲಿ ನಿಂತಾಗ ನನಗೆ ನೆನಪಾದದ್ದು ನಮ್ಮ ಹಗೇವು. ಜೋಳ ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣೆಳೆದು, ವರ್ಷದ ಕೂಳನ್ನು ನೆಲದ ವಶಕ್ಕೆ ಕೊಟ್ಟು ನಿಶ್ಚಿಂತೆಯಿಂದ ಇರುತ್ತಿದ್ದರಲ್ಲ, ಅದೇ ನಂಬಿಕೆ ಇಲ್ಲಿ ದ್ರಾಕ್ಷಿಯ ಮೇಲಿದೆ. ನಮ್ಮ ಊರಿನ ಹಗೇವುಗಳು ನಾನು ಹುಟ್ಟುವ ಹೊತ್ತಿಗೇ ಮುಚ್ಚಿ ಹೋಗಿದ್ದವು. ಇವರ ಕ್ವೆವ್ರಿ ಹೇಗೆ ಉಳಿಯಿತು ಅನ್ನುವ ಪ್ರಶ್ನೆ ಆ ಪ್ರವಾಸದ ಉದ್ದಕ್ಕೂ ನನ್ನ ಜೊತೆಗಿತ್ತು.

ಕಾಖೇತಿ ಇರುವುದು ಜಾರ್ಜಿಯಾ ದೇಶದ ಪೂರ್ವ ತುದಿಯಲ್ಲಿ. ಉತ್ತರಕ್ಕೆ ಕಾಕಸಸ್ ಪರ್ವತಗಳ ಸಾಲು, ದಕ್ಷಿಣಕ್ಕೆ ಗೊಂಬೋರಿ ಬೆಟ್ಟಗಳು, ನಡುವೆ ಅಲಜಾನಿ ನದಿಯ ಅಗಲವಾದ ಬಯಲು. ದೇಶದ ದ್ರಾಕ್ಷಿ ತೋಟಗಳಲ್ಲಿ ಬಹುಪಾಲು ಈ ಒಂದೇ ಪ್ರಾಂತ್ಯದಲ್ಲಿವೆ. ರಾಜಧಾನಿ ಟಿಬಿಲಿಸಿಯಿಂದ ಗೊಂಬೋರಿ ಘಾಟಿ ಹತ್ತಿ ಇಳಿದರೆ ತೆಲಾವಿ ಪಟ್ಟಣ. ದಾರಿ ಸುಮಾರು ಎರಡು ತಾಸಿನದು. ಘಾಟಿಯ ಮೇಲೆ ಕಾಡು, ಚಳಿ, ಮಂಜು. ಇಳಿದ ಕೂಡಲೇ ಬಿಸಿಲು, ಎರಡೂ ಬದಿಗೆ ದ್ರಾಕ್ಷಿಯ ಸಾಲು. ನಾನು ಹೋದದ್ದು ಸುಗ್ಗಿಯ ಕಾಲದಲ್ಲಿ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್‌ವರೆಗೆ ನಡೆಯುವ ಈ ಕೊಯ್ಲಿಗೆ ಅಲ್ಲಿ ರ್ತ್ವೇಲಿ ಅನ್ನುತ್ತಾರೆ. ಪಟ್ಟಣದಲ್ಲಿ ಕೆಲಸ ಮಾಡುವವರೂ ರಜೆ ಹಾಕಿ ಊರಿಗೆ ಬರುತ್ತಾರೆ. ರಸ್ತೆಯ ತುಂಬ ದ್ರಾಕ್ಷಿ ಹೇರಿದ ಲಾರಿ, ವ್ಯಾನು. ಕಾರಿನ ಹಿಂದಿನ ಸೀಟಿನಲ್ಲೂ ಬುಟ್ಟಿಗಳು.

ನನ್ನ ಜೊತೆಗೆ ನಮ್ಮ ಕಡೆಯ ಒಬ್ಬ ಹುಡುಗ ಇದ್ದ. ಟಿಬಿಲಿಸಿಯಲ್ಲಿ ಮೆಡಿಕಲ್ ಓದುತ್ತಿದ್ದಾನೆ. ಭಾರತದಿಂದ ಅಲ್ಲಿಗೆ ಡಾಕ್ಟರ್ ಓದಲು ಹೋದವರು ಸಾವಿರಾರು ಜನ ಇದ್ದಾರೆ, ಹಾಗಾಗಿ ಟಿಬಿಲಿಸಿಯ ಬಸ್ಸಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ಅಚ್ಚರಿ ಪಡಬೇಕಿಲ್ಲ. ಇವನು ಅಷ್ಟಿಷ್ಟು ಜಾರ್ಜಿಯನ್ ಕಲಿತಿದ್ದ. ಮನೆಗಳ ಬಾಗಿಲು ನನಗೆ ತೆರೆದದ್ದು ಅವನ ಆ ಮಾತಿನಿಂದಲೇ.

ಮೊದಲು ಕ್ವೆವ್ರಿಯ ಕೆಲಸ ಹೇಗೆ ಅನ್ನುವುದನ್ನು ಹೇಳಿಬಿಡುತ್ತೇನೆ. ಅದು ಗೊತ್ತಾಗದೆ ಆ ವೈನಿನ ರುಚಿ ಅರ್ಥವಾಗುವುದಿಲ್ಲ.

ಕ್ವೆವ್ರಿಯ ಆಕಾರ ಮೊಟ್ಟೆಯದು, ಬುಡ ಚೂಪು. ತೆಲಾವಿ ಹತ್ತಿರದ ವರ್ದಿಸುಬಾನಿ ಎಂಬ ಹಳ್ಳಿಯಲ್ಲಿ ಇವತ್ತಿಗೂ ಇವನ್ನು ಮಾಡುತ್ತಾರೆ. ದೊಡ್ಡ ಕ್ವೆವ್ರಿಯನ್ನು ತಿಗರಿಯ ಮೇಲೆ ತಿರುಗಿಸಿ ಮಾಡಲಾಗುವುದಿಲ್ಲ. ಮಣ್ಣನ್ನು ದಪ್ಪ ಹಗ್ಗದ ಹಾಗೆ ಹೊಸೆದು, ಸುತ್ತುಸುತ್ತಾಗಿ ಏರಿಸಿ, ಕೈಯಿಂದ ಒತ್ತುತ್ತಾ ಗೋಡೆ ಎಬ್ಬಿಸುತ್ತಾರೆ. ಒಂದು ಗೇಣಿನಷ್ಟು ಏರಿಸಿ ಆರಲು ಬಿಡಬೇಕು. ಅವಸರ ಮಾಡಿದರೆ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಹೀಗೆ ವಾರಗಟ್ಟಲೆ. ಆಮೇಲೆ ಭಟ್ಟಿಯಲ್ಲಿ ಹಲವು ದಿನ ಸುಡಬೇಕು. ಸುಟ್ಟ ಮೈ ಇನ್ನೂ ಬೆಚ್ಚಗಿರುವಾಗಲೇ ಒಳಗೆ ಜೇನುಮೇಣ ಸವರುತ್ತಾರೆ. ಮಣ್ಣಿನ ಸಣ್ಣ ಸಣ್ಣ ರಂಧ್ರಗಳಿಗೆ ಮೇಣ ಇಳಿಯುತ್ತದೆ. ಹೊರಮೈಗೆ ಸುಣ್ಣ ಬಳಿದು ನೆಲದಲ್ಲಿ ಹೂಳುತ್ತಾರೆ. ಒಮ್ಮೆ ಹೂತರೆ ಅದು ಆ ಮನೆಯ ಪಾಲು. ತಲೆಮಾರುಗಳವರೆಗೆ ಅಲ್ಲೇ ಇರುತ್ತದೆ.

ಸುಗ್ಗಿಯಲ್ಲಿ ದ್ರಾಕ್ಷಿಯನ್ನು ತುಳಿದು ಅಥವಾ ಹಿಂಡಿ, ರಸ, ಸಿಪ್ಪೆ, ಬೀಜ ಎಲ್ಲವನ್ನೂ ಕ್ವೆವ್ರಿಗೆ ಹಾಕುತ್ತಾರೆ. ಕಾಖೇತಿಯವರು ತೊಟ್ಟನ್ನೂ ಹಾಕುತ್ತಾರೆ. ಹೊರಗಿನಿಂದ ಏನೂ ಸೇರಿಸುವುದಿಲ್ಲ, ಸಿಪ್ಪೆಯ ಮೇಲೆ ತಾನಾಗಿ ಇರುವ ಹುದುಗೇ ಸಾಕು. ಒಂದೆರಡು ದಿನದಲ್ಲಿ ಕುದಿ ಏಳುತ್ತದೆ. ಸಿಪ್ಪೆ ಮೇಲಕ್ಕೆ ಬಂದು ಟೊಪ್ಪಿಗೆಯಾಗಿ ಕೂರುತ್ತದೆ. ಅದನ್ನು ದಿನಕ್ಕೆ ನಾಲ್ಕೈದು ಸಲ ಕೋಲಿನಿಂದ ಒಳಕ್ಕೆ ದೂಡಬೇಕು, ರಾತ್ರಿಯೂ ಎದ್ದು ದೂಡಬೇಕು. ಕುದಿ ಇಳಿದ ಮೇಲೆ ಸಿಪ್ಪೆಯೇ ಕೆಳಗಿಳಿಯುತ್ತದೆ. ಆಗ ಕಲ್ಲು ಮುಚ್ಚಿ, ಹಸಿ ಮಣ್ಣು ಮೆತ್ತಿ ಬಿಟ್ಟುಬಿಡುತ್ತಾರೆ. ಐದಾರು ತಿಂಗಳು ಯಾರೂ ಮುಟ್ಟುವುದಿಲ್ಲ. ಹೊರಗೆ ಹಿಮ ಬಿದ್ದರೂ ಒಳಗಿನ ತಂಪು ಹೆಚ್ಚು ಏರುಪೇರಾಗುವುದಿಲ್ಲ, ನೆಲ ನೋಡಿಕೊಳ್ಳುತ್ತದೆ. ಚೂಪು ಬುಡದ ಉಪಯೋಗ ಇಲ್ಲಿದೆ. ಬೀಜಗಳು ಮೊದಲು ತಳ ಸೇರುತ್ತವೆ, ಅವುಗಳ ಮೇಲೆ ಸಿಪ್ಪೆ ಮುಚ್ಚಿಕೊಳ್ಳುತ್ತದೆ. ಬೀಜದ ಕಹಿ ಅತಿಯಾಗಿ ಮೇಲೆ ಬರುವುದಿಲ್ಲ. ವಸಂತದಲ್ಲಿ ಮುಚ್ಚಳ ತೆಗೆದರೆ ತಿಳಿಯಾದ ವೈನ್.

ಹಸಿರು ದ್ರಾಕ್ಷಿಯಿಂದ ಮಾಡಿದ್ದೂ ಸಿಪ್ಪೆಯ ಜೊತೆ ಇಷ್ಟು ತಿಂಗಳು ಇದ್ದಿದ್ದರಿಂದ ಬಿಳಿ ವೈನ್ ಆಗುವುದಿಲ್ಲ, ಜೇನಿನ ಬಣ್ಣಕ್ಕೆ ತಿರುಗುತ್ತದೆ. ಅಂಬರ್ ವೈನ್ ಅಂತ ಈಗ ಜಗತ್ತಿನ ದೊಡ್ಡ ಊರುಗಳ ಹೋಟೆಲುಗಳಲ್ಲಿ ಹೆಸರಾದದ್ದು ಇದೇ.

ನಾವು ಉಳಿದುಕೊಂಡಿದ್ದ ಮನೆಯ ಯಜಮಾನರು ಅರವತ್ತು ದಾಟಿದವರು. ಆ ವರ್ಷದ ದ್ರಾಕ್ಷಿ ಒಂದು ಕ್ವೆವ್ರಿಯಲ್ಲಿ ಇನ್ನೂ ಕುದಿಯುತ್ತಿತ್ತು. ಕಿವಿ ಹತ್ತಿರ ಒಯ್ದರೆ ಸಣ್ಣಗೆ ಸಿಡಿಯುವ ಸದ್ದು. ಪಕ್ಕದ ಕ್ವೆವ್ರಿಯಲ್ಲಿ ಹೋದ ವರ್ಷದ್ದು. ಅವರು ಮಂಡಿಯೂರಿ ಕೂತು, ಮುಚ್ಚಳದ ಸುತ್ತ ಮೆತ್ತಿದ್ದ ಮಣ್ಣನ್ನು ಚಾಕುವಿನ ತುದಿಯಿಂದ ಬಿಡಿಸಿದರು. ಒಂದು ಹರಳೂ ಒಳಗೆ ಬೀಳಬಾರದು, ಅದಕ್ಕೆ ಬ್ರಷ್ಷಿನಿಂದ ಗುಡಿಸಿ, ಒದ್ದೆ ಬಟ್ಟೆಯಿಂದ ಒರೆಸಿದರು. ಆಮೇಲೆ ಕಲ್ಲು ಎತ್ತಿದರು. ಕೋಣೆಯ ತುಂಬ ವಾಸನೆ ಹರಡಿತು. ಒಣ ಏಪ್ರಿಕಾಟ್, ಅಕ್ರೋಟಿನ ಸಿಪ್ಪೆ, ಮಳೆ ಬಿದ್ದ ಮಣ್ಣು. ಗೋಡೆಗೆ ಒರಗಿಸಿಟ್ಟಿದ್ದ ಉದ್ದ ಕೋಲನ್ನು ತೆಗೆದರು. ಅದರ ತುದಿಗೆ ಒಣಗಿದ ಸೋರೆಬುರುಡೆ. ಓರ್ಶಿಮೋ ಅಂತ ಅದರ ಹೆಸರು. ಬುರುಡೆಯನ್ನು ನಿಧಾನಕ್ಕೆ ಮುಳುಗಿಸಿ, ತಳ ಕಲಕದ ಹಾಗೆ ಎತ್ತಿ, ಗಾಜಿನ ಜಗ್ಗಿಗೆ ಸುರಿದರು. ಬೆಳಕಿಗೆ ಹಿಡಿದು ನೋಡಿದರು. ನನಗೆ ಕೊಡುವ ಮೊದಲು ತಾವೇ ಒಂದು ಗುಟುಕು ಕುಡಿದರು. ಮುಖದಲ್ಲಿ ಏನೂ ತೋರಿಸಲಿಲ್ಲ. ಸುಮ್ನೆ ತಲೆಯಾಡಿಸಿದರು, ಕೊಡಬಹುದು ಅನ್ನುವ ಹಾಗೆ.

ಅದು ರ್ಕತ್ಸಿತೇಲಿ ದ್ರಾಕ್ಷಿಯ ವೈನ್. ಕಾಖೇತಿಯಲ್ಲಿ ಹೆಚ್ಚಾಗಿ ಬೆಳೆಯುವ ಹಸಿರು ತಳಿ. ಬಾಯಿಗೆ ಬಿಟ್ಟ ತಕ್ಷಣ ಒಗರು ನಾಲಿಗೆ ಹಿಡಿಯುತ್ತದೆ, ಕೆಂಪು ವೈನಿನಲ್ಲಿ ಇರುವ ಹಾಗೆ. ಅದರ ಹಿಂದೆ ಹುಳಿ. ಸಿಹಿ ಇಲ್ಲವೇ ಇಲ್ಲ. ಬರೀ ಹೊಟ್ಟೆಯಲ್ಲಿ ಕುಡಿದರೆ ಇದು ಒರಟು ಅನ್ನಿಸುತ್ತದೆ. ಅಷ್ಟರಲ್ಲಿ ಅವರ ಹೆಂಡತಿ ತಟ್ಟೆಯಲ್ಲಿ ಉಪ್ಪು ಜಾಸ್ತಿ ಇರುವ ಚೀಸು, ಬಿಸಿ ರೊಟ್ಟಿ, ಟೊಮೆಟೊ ತಂದಿಟ್ಟರು. ಚೀಸಿನ ಚೂರು ತಿಂದು ಮತ್ತೆ ಗುಟುಕರಿಸಿದೆ. ಒಗರು ಎಲ್ಲಿ ಹೋಯಿತೋ! ಆ ವೈನನ್ನು ಮಾಡಿದ್ದೇ ಆ ತಟ್ಟೆಯ ಜೊತೆಗೆ. ಊಟ ಬಿಟ್ಟು ಬರೀ ಗ್ಲಾಸಿನಲ್ಲಿ ಅದರ ಗುಣ ಹುಡುಕಿದರೆ ಅರ್ಧವೇ ಸಿಗುತ್ತದೆ.

ಅದಕ್ಕೇ ಕಾಖೇತಿಗೆ ಹೋಗುವವರಿಗೆ ವೈನ್ ಟೇಸ್ಟಿಂಗ್ ಅನ್ನುವ ಮಾತು ಸಾಲದು ಅಂತ ನನಗನ್ನಿಸುತ್ತದೆ. ದೊಡ್ಡ ವೈನರಿಗಳಲ್ಲಿ ಟೇಸ್ಟಿಂಗ್ ಚೆನ್ನಾಗಿಯೇ ಮಾಡುತ್ತಾರೆ. ಸಾಲಾಗಿ ಐದಾರು ಗ್ಲಾಸು, ಪ್ರತಿಯೊಂದರ ಎದುರು ತಳಿಯ ಹೆಸರು, ಉಗುಳಲು ಒಂದು ಪಾತ್ರೆ, ಇಂಗ್ಲಿಷ್ ಬಲ್ಲ ಹುಡುಗಿಯ ವಿವರಣೆ. ಅಲ್ಲಿ ನಾನು ಕಲಿತದ್ದೂ ಇದೆ. ಒಂದೇ ರ್ಕತ್ಸಿತೇಲಿಯನ್ನು ಸ್ಟೀಲ್ ಟ್ಯಾಂಕಿನಲ್ಲಿ ಮಾಡಿದ್ದು, ಕ್ವೆವ್ರಿಯಲ್ಲಿ ಮಾಡಿದ್ದು, ಎರಡನ್ನೂ ಅಕ್ಕಪಕ್ಕ ಇಟ್ಟು ಕೊಟ್ಟಾಗ ಇದು ಅದೇ ಹಣ್ಣಾ ಅನ್ನಿಸಿತು. ಒಂದು ತೆಳು, ಹಸಿ ಸೇಬಿನ ವಾಸನೆ. ಇನ್ನೊಂದು ದಪ್ಪ, ಒಗರು. ಸಪೆರಾವಿ ಎಂಬ ಕಪ್ಪು ದ್ರಾಕ್ಷಿಯನ್ನೂ ಅಲ್ಲೇ ಬಿಡಿಸಿ ನೋಡಿದೆ. ಸಾಮಾನ್ಯವಾಗಿ ಕಪ್ಪು ದ್ರಾಕ್ಷಿಯ ಸಿಪ್ಪೆಯಲ್ಲಷ್ಟೇ ಬಣ್ಣ, ಒಳಗಿನ ತಿರುಳು ಬೆಳ್ಳಗೆ. ಸಪೆರಾವಿಯ ತಿರುಳೂ ಕೆಂಪು. ಹಿಸುಕಿದರೆ ಬೆರಳು ಸಂಜೆಯವರೆಗೂ ಬಣ್ಣ ಬಿಡುವುದಿಲ್ಲ. ಕಿಸಿ, ಮ್ತ್ಸ್ವಾನೆ, ಖಿಖ್ವಿ ಎಂಬ ಇನ್ನಷ್ಟು ತಳಿಗಳ ಪರಿಚಯವೂ ಅಲ್ಲೇ ಆಯಿತು. ಜಾರ್ಜಿಯಾದ ಸ್ವಂತ ತಳಿಗಳು 500ಕ್ಕೂ ಹೆಚ್ಚು.

ಆದರೆ ಬಸ್ಸಿನಲ್ಲಿ ಬಂದವರು ಒಂದು ತಾಸಿನಲ್ಲಿ ಐದಾರು ಗ್ಲಾಸು ಮುಗಿಸಿ, ಫೋಟೋ ತೆಗೆದು, ಇನ್ನೊಂದು ವೈನರಿಗೆ ಓಡುವುದನ್ನು ನೋಡಿದಾಗ ಬೇಜಾರಾಯಿತು. ಗೇಟಿನ ಬಳಿ ಒಡೆದ ಹಳೆಯ ಕ್ವೆವ್ರಿಯನ್ನು ಅಲಂಕಾರಕ್ಕೆ ನಿಲ್ಲಿಸಿರುತ್ತಾರೆ. ಕ್ವೆವ್ರಿ ಅಂದರೆ ಅದೇ ಅಂದುಕೊಂಡು ಹೋಗುವವರು ಎಷ್ಟೋ ಜನ. ಜಾರ್ಜಿಯಾ ಮಾರುವ ವೈನಿನಲ್ಲಿ ಕ್ವೆವ್ರಿಯದ್ದು ಸಣ್ಣ ಪಾಲು. ಉಳಿದದ್ದು ಹೆಚ್ಚಾಗಿ ಸ್ಟೀಲ್ ಟ್ಯಾಂಕಿನದು. ಕ್ವೆವ್ರಿಯ ಜೀವ ಇರುವುದು ಮನೆಗಳಲ್ಲಿ.

ಅದು ಉಳಿದದ್ದೂ ಮನೆಗಳಿಂದಲೇ. ಈ ಕಥೆ ನನಗೆ ಬಹಳ ಮುಖ್ಯ ಅನ್ನಿಸಿದೆ.

ಎಲ್ಲ ಬೋರ್ಡುಗಳ ಮೇಲೂ 8000 ವರ್ಷ ಅಂತ ಬರೆದಿರುತ್ತಾರೆ. ಅದಕ್ಕೆ ಆಧಾರ ಇದೆ. ಟಿಬಿಲಿಸಿಯ ದಕ್ಷಿಣಕ್ಕೆ ಗದಾಚ್ರಿಲಿ ಗೋರಾ, ಶುಲಾವೇರಿಸ್ ಗೋರಾ ಎಂಬ ಎರಡು ಹಳೆಯ ವಸತಿಗಳಲ್ಲಿ ಅಗೆದಾಗ ಸಿಕ್ಕ ಮಡಕೆ ಚೂರುಗಳಲ್ಲಿ ದ್ರಾಕ್ಷಿ ವೈನಿನ ಗುರುತಾದ ಟಾರ್ಟಾರಿಕ್ ಆಮ್ಲ ಸಿಕ್ಕಿತು. ಕಾಲ ಕ್ರಿಸ್ತಪೂರ್ವ 6000ದ ಆಸುಪಾಸು. 2017ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಆ ಜಾಗಗಳು ಕಾಖೇತಿಯಲ್ಲಿ ಇಲ್ಲ, ಮತ್ತು ನೆಲದಲ್ಲಿ ಹೂಳುವ ಇವತ್ತಿನ ಕ್ವೆವ್ರಿ ಅಷ್ಟು ಹಳೆಯದು ಅಂತ ಇದರಿಂದ ಹೇಳಲಾಗದು. ಆದರೂ ಆ ನೆಲದಲ್ಲಿ ದ್ರಾಕ್ಷಿಯ ಜೊತೆಗಿನ ಸಂಬಂಧ ಎಷ್ಟು ಹಿಂದಿನದು ಅನ್ನುವುದರಲ್ಲಿ ಅನುಮಾನ ಉಳಿಯುವುದಿಲ್ಲ. ನಾಲ್ಕನೇ ಶತಮಾನದಲ್ಲಿ ಕ್ರೈಸ್ತ ಧರ್ಮವನ್ನು ಅಲ್ಲಿಗೆ ತಂದ ಸಂತ ನೀನೋಳ ಶಿಲುಬೆ ದ್ರಾಕ್ಷಿ ಬಳ್ಳಿಯದ್ದು, ಅವಳ ಕೂದಲಿನಿಂದಲೇ ಕಟ್ಟಿದ್ದು ಅಂತ ಅಲ್ಲಿನವರ ನಂಬಿಕೆ. ಕಾಖೇತಿಯ ಬೋಡ್ಬೆ ಮಠದಲ್ಲಿ ಅವಳ ಸಮಾಧಿ ಇದೆ. ಹನ್ನೊಂದನೇ ಶತಮಾನದ ಅಲವೆರ್ದಿ ಕ್ಯಾಥೆಡ್ರಲ್ ಬಯಲಿನ ನಡುವೆ ಒಂಟಿಯಾಗಿ ನಿಂತಿದೆ, ಅದರ ಆವರಣದಲ್ಲೂ ಮರಾನಿ. ಅಲ್ಲಿನ ಸನ್ಯಾಸಿಗಳು ಇವತ್ತಿಗೂ ಕ್ವೆವ್ರಿಯಲ್ಲಿ ವೈನ್ ಮಾಡುತ್ತಾರೆ.

ಇಷ್ಟು ಉದ್ದದ ಚರಿತ್ರೆ ಮುರಿದುಬೀಳುವ ಹಾಗೆ ಆದದ್ದು ಕಳೆದ ಶತಮಾನದಲ್ಲಿ. ಸೋವಿಯತ್ ಕಾಲದಲ್ಲಿ ತೋಟಗಳು ಸರ್ಕಾರದ ವಶಕ್ಕೆ ಹೋದವು. ಕಾರ್ಖಾನೆಗಳಿಗೆ ಬೇಕಾದದ್ದು ಟನ್ನುಗಳ ಲೆಕ್ಕ. ಜಾಸ್ತಿ ಇಳುವರಿ ಕೊಡುವ ಕೆಲವೇ ತಳಿಗಳು ಸಾಕು ಅಂತಾಯಿತು, ಉಳಿದವು ಮೂಲೆ ಸೇರಿದವು. ರಷ್ಯಾದ ನಾಲಿಗೆಗೆ ತಕ್ಕಂತೆ ಅರೆಸಿಹಿ ಕೆಂಪು ವೈನ್ ಹೊಳೆಯಂತೆ ಹರಿಯಿತು. 1985ರಲ್ಲಿ ಗೋರ್ಬಚೇವ್ ಕುಡಿತದ ವಿರುದ್ಧ ಅಭಿಯಾನ ಶುರು ಮಾಡಿದಾಗ ಎಷ್ಟೋ ತೋಟಗಳನ್ನು ಕಿತ್ತೇ ಹಾಕಿದರು. ದೇಶ ಸ್ವತಂತ್ರವಾದ ಮೇಲೂ ರಫ್ತಿನ ಬಹುಪಾಲು ರಷ್ಯಾಕ್ಕೇ ಹೋಗುತ್ತಿತ್ತು. 2006ರಲ್ಲಿ ರಷ್ಯಾ ಜಾರ್ಜಿಯಾದ ವೈನ್ ಬೇಡ ಅಂತ ನಿಷೇಧ ಹಾಕಿತು. 2013ರವರೆಗೂ ಆ ಬಾಗಿಲು ಮುಚ್ಚಿತ್ತು.

ಅಂಥ ಹೊತ್ತಿನಲ್ಲಿ ಆಸರೆಯಾದದ್ದು ಯಾವುದು? ಮನೆಗೆಂದು ಮಾಡುತ್ತಿದ್ದ ವೈನ್. ಕಾರ್ಖಾನೆಗೆ ದ್ರಾಕ್ಷಿ ಕೊಟ್ಟವರೂ ಹಿತ್ತಲಿನಲ್ಲಿ ನಾಲ್ಕು ಸಾಲು ಬಳ್ಳಿ ಇಟ್ಟುಕೊಂಡಿದ್ದರು. ಅದರಲ್ಲಿ ಅಜ್ಜನ ಕಾಲದ ತಳಿಗಳಿದ್ದವು. ಮಗನ ಮದುವೆಗೆ, ಅಪ್ಪನ ತಿಥಿಗೆ, ಬಂದ ನೆಂಟರಿಗೆ ಬೇಕಲ್ವಾ? ಅಂಗಡಿಯ ಬಾಟಲಿ ತಂದು ಬಡಿಸಿದರೆ ಮರ್ಯಾದೆ ಅಲ್ಲ. ಅಷ್ಟಕ್ಕಾಗಿ ಅವರು ಪ್ರತಿ ವರ್ಷ ಕ್ವೆವ್ರಿ ತೊಳೆದರು. ತೊಳೆಯುವುದೂ ಸಣ್ಣ ಕೆಲಸ ಅಲ್ಲ. ಚೆರ್ರಿ ಮರದ ತೊಗಟೆಯನ್ನು ಪದರ ಪದರವಾಗಿ ಕಟ್ಟಿದ ಉಜ್ಜುಗೋಲಿನಿಂದ ತಿಕ್ಕಿ, ನೀರು ಹಾಕಿ, ಎತ್ತಿ, ಮತ್ತೆ ತಿಕ್ಕಬೇಕು. ಎತ್ತಿದ ನೀರು ಕುಡಿಯುವಷ್ಟು ತಿಳಿಯಾಗುವ ತನಕ ಬಿಡುವಂತಿಲ್ಲ. ಅದನ್ನು ಕಂಡೇ ಮಕ್ಕಳು ಕಲಿತರು. ಪುಸ್ತಕ ಇರಲಿಲ್ಲ, ಸಬ್ಸಿಡಿ ಇರಲಿಲ್ಲ. 2013ರಲ್ಲಿ ಯುನೆಸ್ಕೋ ಈ ಪದ್ಧತಿಯನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಸೇರಿದ್ದು ಈ ಹಿತ್ತಿಲಿನ ಕೆಲಸವೇ. ಹೊಸ ತಲೆಮಾರಿನವರು ಸಣ್ಣ ವೈನರಿ ಶುರು ಮಾಡಿ ಲೋಕಕ್ಕೆ ಮಾರುತ್ತಿರುವುದೂ ಅದನ್ನೇ.

ಮಾರುಕಟ್ಟೆಗೆಂದು ಮಾಡಿದ್ದು ಮಾರುಕಟ್ಟೆ ತಿರುಗಿದಾಗ ನಿಂತುಹೋಗುತ್ತದೆ. ನಮ್ಮ ಹಗೇವು ಯಾಕೆ ಹೋಯಿತು ಅಂತ ಯೋಚಿಸಿದರೆ, ವರ್ಷಕ್ಕಾಗುವಷ್ಟು ಜೋಳವನ್ನು ಮನೆಯಲ್ಲಿ ಇಟ್ಟುಕೊಳ್ಳುವುದನ್ನೇ ನಾವು ಬಿಟ್ಟೆವು. ಕಬ್ಬು, ದ್ರಾಕ್ಷಿ ಬಂದವು, ಜೋಳ ಅಂಗಡಿಯಿಂದ ಬಂತು. ಇಟ್ಟುಕೊಳ್ಳಲು ಏನೂ ಇಲ್ಲದ ಮೇಲೆ ಹಗೇವು ಯಾಕೆ?

ಊಟದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಾನು ಸಸ್ಯಾಹಾರಿ. ಹೋಗುವ ಮೊದಲು ಎಲ್ಲರೂ ಹೆದರಿಸಿದ್ದರು. ಕಾಖೇತಿಯ ಹೆಮ್ಮೆ ಮ್ತ್ಸ್ವಾದಿ, ಅಂದರೆ ಸರಳಿಗೆ ಪೋಣಿಸಿ ಸುಟ್ಟ ಮಾಂಸ. ಸುಡುವುದು ದ್ರಾಕ್ಷಿ ಬಳ್ಳಿ ಸವರಿದಾಗ ಬಿದ್ದ ಒಣ ಕಡ್ಡಿಗಳ ಕೆಂಡದ ಮೇಲೆ. ಕಟ್ಟು ಕಟ್ಟಿ ಮಾಡಿನ ಕೆಳಗೆ ಜೋಡಿಸಿಟ್ಟಿರುತ್ತಾರೆ, ಭಗ್ಗನೆ ಹತ್ತಿ ಬೇಗ ಕೆಂಡವಾಗುತ್ತವೆ. ಅದು ನನಗಲ್ಲ. ಆದರೆ ಜಾರ್ಜಿಯನ್ನರ ಚರ್ಚಿನಲ್ಲಿ ವರ್ಷಕ್ಕೆ ಬಹಳ ದಿನ ಉಪವಾಸ. ಆ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಹಾಗಾಗಿ ತರಕಾರಿ ಅಡುಗೆಯಲ್ಲಿ ಅವರ ಕೈ ಪಳಗಿದೆ.

ಎಲ್ಲದಕ್ಕೂ ಅಕ್ರೋಟು. ಬದನೆಕಾಯಿಯನ್ನು ಉದ್ದಕ್ಕೆ ತೆಳುವಾಗಿ ಸೀಳಿ, ಎಣ್ಣೆಯಲ್ಲಿ ಬಾಡಿಸಿ, ಒಳಗೆ ಅಕ್ರೋಟು, ಬೆಳ್ಳುಳ್ಳಿ, ವಿನೆಗರ್ ಹಾಕಿ ಅರೆದ ಮಸಾಲೆ ಸವರಿ ಸುರುಳಿ ಸುತ್ತುತ್ತಾರೆ. ಮೇಲೆ ದಾಳಿಂಬೆ ಕಾಳು. ಪಾಲಕ್, ಬೀಟ್‌ರೂಟ್ ಸೊಪ್ಪು ಬೇಯಿಸಿ ಹಿಂಡಿ, ಅದೇ ಅಕ್ರೋಟಿನ ಮಸಾಲೆಯಲ್ಲಿ ಕಲಸಿ ಉಂಡೆ ಮಾಡಿದರೆ ಫ್ಖಾಲಿ. ರಾಜ್ಮಾ ಜಾತಿಯ ಕಾಳನ್ನು ಮಣ್ಣಿನ ಗಡಿಗೆಯಲ್ಲಿ ಮೆತ್ತಗೆ ಬೇಯಿಸಿ, ಕೊತ್ತಂಬರಿ ಸೊಪ್ಪು ಧಾರಾಳವಾಗಿ ಹಾಕಿದ್ದು ಲೋಬಿಯೋ. ಕೊತ್ತಂಬರಿ ಇಲ್ಲದ ಅಡುಗೆ ಅಲ್ಲಿ ಕಡಿಮೆ. ಮೆಂತ್ಯದ ಹತ್ತಿರದ ಸಂಬಂಧಿಯಾದ ನೀಲಿ ಮೆಂತ್ಯದ ಪುಡಿ ಬಳಸುತ್ತಾರೆ. ಚೆಂಡು ಹೂವಿನ ದಳವನ್ನು ಒಣಗಿಸಿ ಪುಡಿ ಮಾಡಿ ಸಾರಿನ ಬಣ್ಣಕ್ಕೂ ವಾಸನೆಗೂ ಹಾಕುತ್ತಾರೆ. ನಾವು ದೇವರ ತಲೆಗೆ ಏರಿಸುವ ಹೂವನ್ನು ಅವರ ಅಡುಗೆಮನೆಯ ಡಬ್ಬಿಯಲ್ಲಿ ಕಂಡು ಖುಷಿಯಾಯಿತು. ಖಾರ ಬೇಕೆಂದರೆ ಅಜೀಕಾ ಇದೆ, ಮೆಣಸಿನಕಾಯಿ ಬೆಳ್ಳುಳ್ಳಿ ಅರೆದ ಚಟ್ನಿ. ಹುಳಿಗೆ ತ್ಕೆಮಾಲಿ, ಹುಳಿ ಪ್ಲಮ್ ಹಣ್ಣಿನದು.

ರೊಟ್ಟಿ ಬೇಯುವುದು ತೋನೆ ಎಂಬ ಮಣ್ಣಿನ ಒಲೆಯಲ್ಲಿ. ಆ ಮನೆಯ ಅಮ್ಮ ಹಿಟ್ಟನ್ನು ಉದ್ದಕ್ಕೆ ಎಳೆದು, ಸೊಂಟದವರೆಗೆ ಒಲೆಯೊಳಗೆ ಬಗ್ಗಿ, ಒಳಗೋಡೆಗೆ ಪಟ್ಟನೆ ಬಡಿಯುತ್ತಿದ್ದರು. ಎರಡೂ ತುದಿ ಚೂಪಾದ ಆ ರೊಟ್ಟಿಗೆ ಶೋಟಿ ಅನ್ನುತ್ತಾರೆ.

ಸುಗ್ಗಿಯ ದಿನಗಳಲ್ಲಿ ಇನ್ನೊಂದು ಕೆಲಸವೂ ನಡೆಯುತ್ತದೆ. ತಾಜಾ ದ್ರಾಕ್ಷಿ ರಸವನ್ನು ದೊಡ್ಡ ಬಾಣಲೆಯಲ್ಲಿ ಕುದಿಸಿ, ಹಿಟ್ಟು ಸೇರಿಸಿ, ಗಟ್ಟಿಯಾಗುವ ತನಕ ತಿರುವುತ್ತಾರೆ. ಅಕ್ರೋಟನ್ನು ದಾರಕ್ಕೆ ಪೋಣಿಸಿ ಅದರಲ್ಲಿ ಅದ್ದಿ ತೆಗೆದು, ನೇತು ಹಾಕಿ ಆರಿಸಿ, ಮತ್ತೆ ಅದ್ದುತ್ತಾರೆ. ಇದೇ ಚುರ್ಚ್‌ಖೆಲಾ. ಸಕ್ಕರೆ ಬೇಕಿಲ್ಲ. ತಿಂಗಳುಗಟ್ಟಲೆ ಕೆಡುವುದಿಲ್ಲ. ರಸ್ತೆ ಬದಿಯಲ್ಲಿ ತೂಗುಹಾಕಿ ಮಾರುವುದಕ್ಕಿಂತ ಮನೆಯಲ್ಲಿ ಮಾಡಿದ್ದು ಎಷ್ಟೋ ಮೆದು.

ರಾತ್ರಿಯ ಊಟ ಸುಪ್ರಾ ಆಗುತ್ತದೆ. ಸುಪ್ರಾ ಅಂದರೆ ಬರೀ ಔತಣ ಅಲ್ಲ, ಅದಕ್ಕೆ ಕ್ರಮ ಇದೆ. ಒಬ್ಬರು ತಮಾದಾ, ಅಂದರೆ ಕುಡಿಯುವ ಮೊದಲು ಹಾರೈಕೆಯ ಮಾತು ಹೇಳುವ ಮುಖ್ಯಸ್ಥರು, ಆಗುತ್ತಾರೆ. ಅವರು ಮಾತಾಡದೆ ಯಾರೂ ಗ್ಲಾಸು ಎತ್ತುವಂತಿಲ್ಲ. ದೇವರಿಗೆ, ಶಾಂತಿಗೆ, ನೆಲಕ್ಕೆ, ತಂದೆತಾಯಿಗೆ, ತೀರಿಹೋದವರಿಗೆ, ಮಕ್ಕಳಿಗೆ, ಅತಿಥಿಗಳಿಗೆ ಹೀಗೆ ಒಂದೊಂದಾಗಿ. ಪ್ರತಿ ಮಾತಿನ ಕೊನೆಗೆ ಎಲ್ಲರೂ ಗೌಮಾರ್ಜೋಸ್ ಅನ್ನುತ್ತಾರೆ. ಮಾತು ಚುಟುಕಾಗಿ ಇರುವುದಿಲ್ಲ. ನಮ್ಮ ಯಜಮಾನರು ತೀರಿಹೋದವರ ಸರದಿ ಬಂದಾಗ ಎದ್ದು ನಿಂತರು. ಅವರ ಅಪ್ಪ ನೆಟ್ಟ ಬಳ್ಳಿಗಳ ಬಗ್ಗೆ, 1985ರ ಆಮೇಲೆ ಕಿತ್ತುಹೋದ ಸಾಲುಗಳ ಬಗ್ಗೆ ಹೇಳಿದರು. ಹುಡುಗ ನನ್ನ ಕಿವಿಯಲ್ಲಿ ತರ್ಜುಮೆ ಮಾಡುತ್ತಿದ್ದವನು ಒಂದು ಕಡೆ ನಿಲ್ಲಿಸಿ, "ಅಕ್ಕಾರ, ಇದು ನನಗ ಸರಿಯಾಗಿ ಹೇಳಾಕ ಬರೂದಿಲ್ರಿ" ಅಂದ. ಹೇಳದೆಯೂ ತಿಳಿಯುತ್ತಿತ್ತು. ಅದರ ಬೆನ್ನಿಗೇ ಮಕ್ಕಳ ಸರದಿ. ತೀರಿಹೋದವರ ಮಾತಿನಲ್ಲಿ ಮೇಜು ಮುಳುಗಿ ಕೂರಬಾರದು ಅಂತ ಈ ಕ್ರಮ.

ಆಮೇಲೆ ಹಾಡು. ಮೂರು ದನಿಗಳು ಮೂರು ದಾರಿ ಹಿಡಿದು ಒಂದಾಗುವ ಹಾಡುಗಳು. ಕಾಖೇತಿಯ ಇಂಥದೇ ಒಂದು ಹಾಡನ್ನು 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಯ ಚಿನ್ನ ಲೇಪಿಸಿದ ಧ್ವನಿಮುದ್ರಿಕೆಯಲ್ಲಿ ಆಕಾಶಕ್ಕೆ ಕಳಿಸಿದ್ದಾರೆ. ನಡುವೆ ನನ್ನ ಸರದಿಯೂ ಬಂತು. ತಮಾದಾ ತನ್ನ ಮಾತನ್ನು ಇನ್ನೊಬ್ಬರಿಗೆ ದಾಟಿಸಬಹುದು, ಅವರು ಅದನ್ನು ಮುಂದುವರಿಸಬೇಕು. ಮಳೆಯ ಬಗ್ಗೆ ಮಾತಾಡಿದೆ. ನಮ್ಮಲ್ಲೂ ದ್ರಾಕ್ಷಿ ಬೆಳೆಯುತ್ತಾರೆ, ಹಣ್ಣು ತುಂಬಿದ ಹೊತ್ತಿಗೆ ಆಲಿಕಲ್ಲು ಬಿದ್ದರೆ ವರ್ಷದ ದುಡಿಮೆ ಒಂದು ಗಳಿಗೆಯಲ್ಲಿ ಹೋಗುತ್ತದೆ ಅಂದೆ. ಹುಡುಗ ಅದನ್ನು ಹೇಳಿ ಮುಗಿಸುವ ಮೊದಲೇ ಮೇಜಿನ ಸುತ್ತ ಎಲ್ಲರೂ ತಲೆಯಾಡಿಸಿದರು. ಕಾಖೇತಿಯ ದೊಡ್ಡ ಹೆದರಿಕೆಯೂ ಆಲಿಕಲ್ಲೇ. ಮೋಡಕ್ಕೆ ರಾಕೆಟ್ ಹಾರಿಸುವ ವ್ಯವಸ್ಥೆಯನ್ನೇ ಅಲ್ಲಿ ಮಾಡಿಕೊಂಡಿದ್ದಾರೆ. ಆ ಮಾತಿನ ನಂತರ ನಾನು ಅತಿಥಿ ಆಗಿ ಉಳಿಯಲಿಲ್ಲ. ಯಾವ ತಳಿ, ಎಷ್ಟು ಅಂತರ, ನೀರು ಎಲ್ಲಿಂದ ಅನ್ನುವ ಪ್ರಶ್ನೆಗಳು ಮಧ್ಯರಾತ್ರಿಯವರೆಗೂ ಬಂದವು.

ಹೋಗುವ ಮನಸ್ಸಿರುವವರಿಗೆ ಕೆಲವು ಮಾತು. ಸಿಘ್ನಾಘಿ ಚೆಂದದ ಊರು, ಹದಿನೆಂಟನೇ ಶತಮಾನದ ಕೋಟೆ ಗೋಡೆಯ ಮೇಲೆ ನಿಂತು ಅಲಜಾನಿ ಬಯಲು ನೋಡಬೇಕು. ಆದರೆ ಉಳಿಯಲು ತೆಲಾವಿಯ ಸುತ್ತಲಿನ ಹಳ್ಳಿಗಳೇ ಮೇಲು. ಸ್ವಂತ ಗಾಡಿ ಓಡಿಸುವ ಯೋಚನೆ ಬೇಡ, ಡ್ರೈವರ್ ಇರಲಿ. ದಿನಕ್ಕೆ ಒಂದು ಮನೆ ಸಾಕು. ಮನೆಯಲ್ಲಿ ಭಟ್ಟಿ ಇಳಿಸಿದ ಚಾಚಾ ಅಂತ ಒಂದು ಕೊಡುತ್ತಾರೆ, ವೈನ್ ತೆಗೆದ ಮೇಲೆ ಉಳಿದ ಸಿಪ್ಪೆಯಿಂದ ಮಾಡಿದ್ದು. ಅದು ಬಹಳ ಗಡಸು, ಒಂದು ಗುಟುಕಿಗೆ ನಿಲ್ಲಿಸಿ. ಸುಪ್ರಾದಲ್ಲಿ ನಿಮ್ಮ ಗ್ಲಾಸು ಖಾಲಿಯಾದರೆ ತುಂಬಿಬಿಡುತ್ತಾರೆ, ಕುಡಿಯಲಾಗದಿದ್ದರೆ ತುಂಬಿದ್ದನ್ನು ಹಾಗೇ ಇಟ್ಟುಕೊಳ್ಳಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ವೈನ್ ಕುಡಿಯದವರೂ ಹೋಗಬಹುದು. ಊಟ, ಮಾತು, ಸುಗ್ಗಿಯ ಕೆಲಸ, ಇವಕ್ಕೆ ಗ್ಲಾಸು ಬೇಕಿಲ್ಲ.

ವಾಪಸು ಬಂದ ಮೇಲೆ ನಮ್ಮ ಕಡೆಯದು ಕಣ್ಣಿಗೆ ಕಟ್ಟತೊಡಗಿತು. ಕರ್ನಾಟಕದಲ್ಲಿ 2007ರಿಂದ ವೈನ್ ನೀತಿ ಇದೆ, ವೈನ್ ಬೋರ್ಡ್ ಇದೆ. ಬೆಂಗಳೂರು ನೀಲಿ ದ್ರಾಕ್ಷಿಗೆ 2013ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ನಂದಿ ಬೆಟ್ಟದ ಬುಡದಲ್ಲಿ ವಾರಾಂತ್ಯಕ್ಕೆ ಟೇಸ್ಟಿಂಗ್ ಪ್ರವಾಸಗಳು ನಡೆಯುತ್ತವೆ. ಅಲ್ಲಿ ಟ್ಯಾಂಕು ನೋಡುತ್ತೇವೆ, ಬಾಟಲಿ ಕೊಳ್ಳುತ್ತೇವೆ. ದ್ರಾಕ್ಷಿ ಬೆಳೆದವರ ಮನೆಯ ಪಡಸಾಲೆಯಲ್ಲಿ ಕೂತು ಉಣ್ಣುವುದನ್ನು ನಾನು ಎಲ್ಲೂ ಕಂಡಿಲ್ಲ.

ವಿಜಯಪುರಕ್ಕೆ ಬರುವವರು ಗೋಳಗುಮ್ಮಟ ನೋಡಿ ಸಂಜೆಗೆ ಹೊರಟುಬಿಡುತ್ತಾರೆ. ತಿಕೋಟಾ ಕಡೆಗೆ ಒಂದಿಷ್ಟು ದೂರ ಹೋದರೆ ದ್ರಾಕ್ಷಿ ಪಡಗಳು, ಒಣದ್ರಾಕ್ಷಿಯ ಶೆಡ್ಡುಗಳು. ಜಾಲರಿಯ ಮೇಲೆ ಅಟ್ಟ ಅಟ್ಟವಾಗಿ ಹಣ್ಣು ಹರಡಿ, ಬಿಸಿಗಾಳಿಗೆ ಬಿಟ್ಟು, ಹಸಿರು ದ್ರಾಕ್ಷಿ ಹೊಂಬಣ್ಣಕ್ಕೆ ತಿರುಗುವುದನ್ನು ಯಾರೂ ನೋಡಲು ಬರುವುದಿಲ್ಲ. ಒಣಗಿದ್ದು ಚೀಲ ತುಂಬಿ ಮಹಾರಾಷ್ಟ್ರದ ತಾಸಗಾಂವ್ ಮಾರುಕಟ್ಟೆಗೆ ಹೋಗುತ್ತದೆ. ರೇಟು ಅಲ್ಲಿ ನಿರ್ಧಾರವಾಗುತ್ತದೆ.

ಕಾಖೇತಿಯ ಫೋಟೋಗಳನ್ನು ಕಾಕಾನಿಗೆ ತೋರಿಸಿದೆ. ಸೋರೆಬುರುಡೆಯ ಕಡೆ ಅವನು ನೋಡಲೇ ಇಲ್ಲ. ಬಳ್ಳಿಯ ಫೋಟೋವನ್ನು ದೊಡ್ಡದು ಮಾಡಿ, "ಚಾಟ್ನಿ ಯಾವಾಗ ಮಾಡ್ತಾರವಾ ಅವರು?" ಅಂದ. ಬಳ್ಳಿ ಸವರುವುದಕ್ಕೆ ನಮ್ಮ ಕಡೆ ಚಾಟ್ನಿ ಅನ್ನುತ್ತಾರೆ. ಚಳಿಗಾಲದ ಕೊನೆಗೆ ಒಂದೇ ಸಲ ಅಂದೆ. ಅವನು ನಂಬಲಿಲ್ಲ. ನಮ್ಮಲ್ಲಿ ಬಳ್ಳಿ ಮಲಗುವಷ್ಟು ಚಳಿ ಬೀಳುವುದಿಲ್ಲ, ಅದಕ್ಕೆ ಏಪ್ರಿಲ್‌ಗೊಂದು ಅಕ್ಟೋಬರ್‌ಗೊಂದು ಎರಡು ಚಾಟ್ನಿ. ಅಲ್ಲಿ ಹಿಮ ಬೀಳುತ್ತದೆ, ಬಳ್ಳಿ ತಾನೇ ಮಲಗುತ್ತದೆ ಅಂತ ಬಿಡಿಸಿ ಹೇಳಿದೆ. ಅರ್ಧ ಖರ್ಚು ಉಳಿಯುತ್ತದೆ ಅಂತ ಅವನು ಲೆಕ್ಕ ಹಾಕತೊಡಗಿದ. ಆಗ ಕೇಳಿಯೇ ಬಿಟ್ಟೆ. ಬೆಂಗಳೂರಿನಿಂದ ನಾಲ್ಕೈದು ಜನ ಪಡ ನೋಡಲು, ಒಂದು ಹೊತ್ತು ಉಣ್ಣಲು ಬಂದರೆ ನಡೆಯುತ್ತದಾ?

"ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ. ಮನ್ಯಾಗ ಏನಿರತೈತಿ ಅದ. ಬ್ಯಾರೇ ಮಾಡಂದ್ರ ನಿಮ್ಮ ಕಾಕಿ ಒಪ್ಪೂದಿಲ್ಲ."

ಅದೇ ಸಾಕು ಅಂದೆ.

"ಹಂಗಾದ್ರ ಫೆಬ್ರವರಿ ಕೊನೀಗೆ ಬರಾಕ ಹೇಳು, ಹಣ್ಣು ಶೆಡ್ಡಿನ್ಯಾಗ ಇರತೈತಿ. ಚಾಟ್ನಿ ಟೈಮಿಗೆ ಮಾತ್ರ ಬ್ಯಾಡವಾ, ಆಳು ಸಿಗೂದಿಲ್ಲ, ಮಾತಾಡಸಾಕ ಯಾರಿಗೂ ಪುರಸತ್ತಿರೂದಿಲ್ಲ."